ಚಟ್ಟಿಗೆ ಏನು ತುಂಬಿಸುತ್ತೀರಿ?

ನರ್ಸರಿಗೆ ಬಂದವರು ಗಿಡ ಕೈಗೆತ್ತಿಕೊಂಡ ಕೂಡಲೇ ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ಇದಕ್ಕೆ ಯಾವ ಗೊಬ್ಬರ ಹಾಕಬೇಕು?" ನಾನು ತಿರುಗಿ ಕೇಳುತ್ತೇನೆ, "ಚಟ್ಟಿಗೆ ಏನು ತುಂಬಿಸುತ್ತೀರಿ?" ಹೆಚ್ಚಿನವರ ಉತ್ತರ ಮಣ್ಣು. ಯಾವ ಮಣ್ಣು ಅಂದರೆ ತೋಟದ್ದು, ಮೇಲಿಂದ ಸ್ವಲ್ಪ ಹಟ್ಟಿಗೊಬ್ಬರ. ಅಲ್ಲಿಗೆ ಮುಗಿಯಿತು. ಗಿಡದ ಅರ್ಧ ಹಣೆಬರಹ ತೀರ್ಮಾನ ಆಗುವುದು ಈ ತುಂಬಿಸುವ ಹೊತ್ತಿನಲ್ಲೇ ಎಂದು ನಾನು ನಂಬಿದ್ದೇನೆ. ಗೊಬ್ಬರವನ್ನು ಆಮೇಲೆ ಬೇಕಾದರೂ ಹಾಕಬಹುದು. ಬೇರಿಗೆ ಗಾಳಿಯನ್ನು ಆಮೇಲೆ ಹಾಕಲು ಬರುವುದಿಲ್ಲ.

ನಮ್ಮದು ನೀರ್ಚಾಲಿನ ಹತ್ತಿರ. ಕೆಳಗೆ ಅಡಿಕೆ ತೋಟ, ಮೇಲೆ ಗುಡ್ಡೆಯಲ್ಲಿ ಪಾಲಿಥೀನ್ ಮಾಡಿನ ಒಂದು ಮಳೆಮನೆ, ಅದಕ್ಕೆ ತಾಗಿ ನೆರಳು ಬಲೆ. ಕಾಳುಮೆಣಸಿನ ಬಳ್ಳಿ, ತರಕಾರಿ ಸಸಿ, ಆಂಥೂರಿಯಂ, ಸ್ವಲ್ಪ ಆರ್ಕಿಡ್ ಮಾಡುತ್ತೇನೆ. ಕಾಸರಗೋಡಿನ ಮಳೆ ಗೊತ್ತಲ್ವಾ? ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಮಾರ್ಚ್, ಎಪ್ರಿಲ್ ಬಂದರೆ ಅದೇ ಚಟ್ಟಿ ಮಧ್ಯಾಹ್ನದೊಳಗೆ ಒಣಗುತ್ತದೆ. ಬೆಂಗಳೂರಿನವರು ವಿಡಿಯೋದಲ್ಲಿ ಹೇಳುವ ಅಳತೆ ಅವರ ಹವೆಗೆ ಸರಿ ಇರಬಹುದು. ಅದನ್ನೇ ಇಲ್ಲಿ ಹಾಕಿದರೆ ಜುಲೈ, ಆಗಸ್ಟಿನ ಆಟಿ ತಿಂಗಳಲ್ಲಿ ಬೇರು ಕೊಳೆಯುತ್ತದೆ.

ಮೊದಲು ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ನೆಲದಲ್ಲಿ ಚೆನ್ನಾಗಿರುವ ಮಣ್ಣು ಚಟ್ಟಿಯಲ್ಲಿ ಯಾಕೆ ಕೈ ಕೊಡುತ್ತದೆ? ಪಾತ್ರೆ ತೊಳೆಯುವ ಹೊಸ ಸ್ಪಂಜು ಒಂದನ್ನು ತೆಗೆದುಕೊಳ್ಳಿ. ನೀರಲ್ಲಿ ಪೂರಾ ಮುಳುಗಿಸಿ, ಹಿಂಡದೆ ಎತ್ತಿ ಅಡ್ಡ ಹಿಡಿಯಿರಿ. ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನೆಟ್ಟಗೆ ತಿರುಗಿಸಿ. ಮತ್ತೆ ನೀರು ಸುರಿಯಲು ಶುರು! ಸ್ಪಂಜು ಅದೇ, ಎತ್ತರ ಮಾತ್ರ ಜಾಸ್ತಿಯಾಯಿತು. ಎಲ್ಲ ನೀರು ಇಳಿದ ಮೇಲೂ ತಳದಲ್ಲಿ ಒಂದು ಪದರ ನೀರು ಉಳಿದೇ ಉಳಿಯುತ್ತದೆ. ಆ ಪದರದ ದಪ್ಪ ಎಷ್ಟು ಎಂಬುದು ಸ್ಪಂಜಿನ ತೂತುಗಳ ಗಾತ್ರದ ಮೇಲೆ ಹೋಗುತ್ತದೆ. ಅಡ್ಡ ಹಿಡಿದಾಗ ಆ ಪದರವೇ ಹೆಚ್ಚುಕಡಿಮೆ ಪೂರ್ತಿ ಸ್ಪಂಜು. ನೆಟ್ಟಗೆ ಹಿಡಿದಾಗ ಅದು ಕೆಳಗಿನ ಭಾಗಕ್ಕೆ ಮಾತ್ರ.

ಚಟ್ಟಿಯಲ್ಲಿ ನಡೆಯುವುದೂ ಇದೇ. ನೆಲದಲ್ಲಾದರೆ ನೀರು ಕೆಳಕ್ಕೆ ಇಳಿಯಲು ಮಾರುಗಟ್ಟಲೆ ಆಳ ಇದೆ. ಚಟ್ಟಿಯಲ್ಲಿ ಒಂದು ಗೇಣಿಗೇ ತಳ ಸಿಗುತ್ತದೆ. ಮಣ್ಣಿನ ಕಣ ನುಣ್ಣಗಿದ್ದಷ್ಟೂ ತಳದ ಕೆಸರಿನ ಪದರ ದಪ್ಪ. ಹಾಗಾಗಿ ತಗ್ಗಿನ ಅಗಲ ಚಟ್ಟಿಗೆ ದೊರಗು ಮಿಶ್ರಣ ಬೇಕು, ಎತ್ತರದ ಚಟ್ಟಿಗೆ ಸ್ವಲ್ಪ ನುಣ್ಣಗಿನದ್ದು ನಡೆಯುತ್ತದೆ. ಸಸಿ ಮಾಡುವ ಟ್ರೇಯ ಗುಳಿ ಎರಡು ಬೆರಳು ಆಳವೂ ಇರುವುದಿಲ್ಲ. ಅದಕ್ಕೆ ಮಣ್ಣು ತುಂಬಿಸಿದರೆ ಗುಳಿಗೆ ಗುಳಿಯೇ ಕೆಸರು.

ತಳಕ್ಕೆ ಜಲ್ಲಿ ಹಾಕಿದರೆ ನೀರು ಇಳಿಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಇಳಿಯುವುದಿಲ್ಲ. ನುಣ್ಣಗಿನ ಮಣ್ಣಿನಿಂದ ದೊಡ್ಡ ಸಂದುಗಳಿರುವ ಜಲ್ಲಿಗೆ ನೀರು ಸುಲಭದಲ್ಲಿ ದಾಟುವುದೇ ಇಲ್ಲ. ಕೆಸರಿನ ಪದರ ಜಲ್ಲಿಯ ಮೇಲಕ್ಕೆ ಏರಿ, ಬೇರಿಗೆ ಇನ್ನೂ ಹತ್ತಿರ ಆಗುತ್ತದೆ ಅಷ್ಟೆ. ತೂತಿನ ಮೇಲೆ ಒಂದು ಹಂಚಿನ ಚೂರು ಇಡಿ, ಮಣ್ಣು ಸೋರದಿರಲು ಅಷ್ಟು ಸಾಕು. ಉಳಿದ ಜಾಗ ಬೇರಿಗೆ ಇರಲಿ.

ನಮ್ಮ ಗುಡ್ಡೆಯ ಮುರ ಮಣ್ಣಿಗೆ, ಅಂದರೆ ಕೆಂಪು ಜಂಬಿಟ್ಟಿಗೆ ಮಣ್ಣಿಗೆ, ಇನ್ನೊಂದೆರಡು ತೊಂದರೆ ಇವೆ. ಒಂದು, ಅದು ಹುಳಿ ಮಣ್ಣು. ಪರೀಕ್ಷೆ ಮಾಡಿಸಿದರೆ ಪಿಎಚ್ ಹೆಚ್ಚಾಗಿ 5ರ ಆಚೀಚೆ ಬರುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ ಇರುವುದರಿಂದ ಹಾಕಿದ ರಂಜಕವನ್ನು ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ. ಇನ್ನೊಂದು, ಚಟ್ಟಿಯಲ್ಲಿ ದಿನಾ ನೀರು ಬಿದ್ದು ಕೂತುಕೊಂಡು, ಬೇಸಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ಆಗ ನೀರು ಮಣ್ಣಿನೊಳಗೆ ಹೋಗದೆ ಚಟ್ಟಿಯ ಅಂಚಿನ ಬಿರುಕಿನಲ್ಲಿ ಇಳಿದು ಹೊರಗೆ ಹೋಗುತ್ತದೆ. ಮನೆಯವರು ನೀರು ಹಾಕಿದ್ದೇವೆ ಅಂದುಕೊಳ್ಳುತ್ತಾರೆ, ಗಿಡ ಬಾಯಾರಿಕೆಯಲ್ಲೇ ಇರುತ್ತದೆ.

ಮಣ್ಣು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ 1930ರ ದಶಕದಲ್ಲಿ ಲಾರೆನ್ಸ್ ಮತ್ತು ನ್ಯೂವೆಲ್ ಎಂಬಿಬ್ಬರು ಚಟ್ಟಿ ಗಿಡಕ್ಕೆ ಒಂದು ಮಿಶ್ರಣ ಮಾಡಿದರು. ಏಳು ಪಾಲು ಮಣ್ಣು, ಮೂರು ಪಾಲು ಪೀಟ್, ಎರಡು ಪಾಲು ದೊರಗು ಮರಳು. ಮಣ್ಣನ್ನು ಹಬೆಯಲ್ಲಿ ಬಿಸಿ ಮಾಡಿ ರೋಗ ಕಳೆಯುತ್ತಿದ್ದರು. ಅದಕ್ಕೂ ಮೊದಲು ಅಲ್ಲಿನ ತೋಟಗಾರರು ಒಂದೊಂದು ಗಿಡಕ್ಕೆ ಒಂದೊಂದು ಗುಟ್ಟಿನ ಮಿಶ್ರಣ ಇಟ್ಟುಕೊಂಡಿದ್ದರಂತೆ. ಅಷ್ಟೆಲ್ಲ ಬೇಡ, ಒಂದೆರಡು ಸರಿಯಾದ ಮಿಶ್ರಣ ಇದ್ದರೆ ಹೆಚ್ಚಿನ ಗಿಡ ಬೆಳೆಯುತ್ತದೆ ಎಂದು ಇವರು ತೋರಿಸಿಕೊಟ್ಟರು. ಆ ಮಾತು ನನಗೆ ಬಹಳ ಇಷ್ಟ. ಆದರೆ ಏಳು ಪಾಲು ಮಣ್ಣು ಅಲ್ಲಿನ ಒಳ್ಳೆಯ ಹುಲ್ಲುಗಾವಲಿನ ಮಣ್ಣು, ಅಲ್ಲಿನ ಮಳೆ. ನಮ್ಮ ಮುರಕ್ಕೂ ನಮ್ಮ ಮಳೆಗೂ ಆ ಲೆಕ್ಕ ಹೊಂದುವುದಿಲ್ಲ. ಆಮೇಲೆ ಅಮೆರಿಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು 1960ರ ದಶಕದಲ್ಲಿ ಮಣ್ಣನ್ನೇ ಬಿಟ್ಟು ಪೀಟ್ ಜೊತೆ ಪರ್ಲೈಟ್, ವರ್ಮಿಕ್ಯುಲೈಟ್ ಎಂಬ ಬಿಸಿಗೆ ಉಬ್ಬಿಸಿದ ಕಲ್ಲಿನ ಹರಳು ಸೇರಿಸಿ ಹಗುರದ ಮಿಶ್ರಣ ಮಾಡಿದರು. ಇವತ್ತು ಹಸಿರುಮನೆಗಳಲ್ಲಿ ನಡೆಯುವುದೆಲ್ಲ ಹೆಚ್ಚುಕಡಿಮೆ ಅದೇ ದಾರಿ.

ಪೀಟ್ ಅಂದರೆ ತಂಪು ದೇಶಗಳ ಜೌಗಿನಲ್ಲಿ ಪಾಚಿ ಸತ್ತು ಸಾವಿರಾರು ವರ್ಷ ಸೇರಿ ಆದದ್ದು. ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಬೆಳೆಯುತ್ತದೆ. ಅದನ್ನು ಅಗೆದು ಹಡಗಿನಲ್ಲಿ ತರಿಸಿ, ತೆಂಗಿನ ನಾಡಿನಲ್ಲಿ ಕೂತ ನಾವು ಚಟ್ಟಿಗೆ ತುಂಬಿಸುವುದೆಂದರೆ ನನಗೆ ಮನಸ್ಸೇ ಬರುವುದಿಲ್ಲ. ನಮ್ಮ ಹಿತ್ತಲಿನಲ್ಲೇ ಅದಕ್ಕೆ ಸರಿಸಾಟಿಯಾದದ್ದು ಇದೆ. ತೆಂಗಿನ ನಾರಿನ ಹುಡಿ. ಪೇಟೆಯಲ್ಲಿ ಚಕಿರಿಚೋರು ಅಂದರೂ ಕೊಡುತ್ತಾರೆ, ಕೊಕೊಪೀಟ್ ಅಂದರೂ ಕೊಡುತ್ತಾರೆ.

ಈ ಹುಡಿಯ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ತರುತ್ತಾರೆ, ಸರಿಯಾಗಿ ತಯಾರು ಮಾಡುವವರು ಕಡಿಮೆ. ಸಿಪ್ಪೆಯಿಂದ ನಾರು ತೆಗೆಯುವಾಗ ಉದುರುವ ಮೆತ್ತಗಿನ ಭಾಗ ಇದು. ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿಯುತ್ತದೆ, ಆದರೂ ಒಳಗೆ ಗಾಳಿ ಉಳಿಯುತ್ತದೆ. ಪೀಟ್ ಒಮ್ಮೆ ಪೂರಾ ಒಣಗಿದರೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ಇದು ಹಾಗಲ್ಲ, ಒಣಗಿದರೂ ಸುಲಭದಲ್ಲಿ ಮತ್ತೆ ನೆನೆಯುತ್ತದೆ. ಐದು ಕಿಲೋದ ಒಂದು ಕಟ್ಟಿ ನೆನೆಸಿದರೆ 70 ಲೀಟರಿನ ಆಸುಪಾಸು ಹುಡಿ ಆಗುತ್ತದೆ.

ತೊಂದರೆ ಉಪ್ಪಿನದ್ದು. ತೆಂಗು ತನ್ನ ಸಿಪ್ಪೆಯಲ್ಲಿ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್ ಶೇಖರಿಸುತ್ತದೆ. ಸಿಪ್ಪೆಯನ್ನು ಅಳಿವೆಯ ಉಪ್ಪುನೀರಿನಲ್ಲಿ ಕೊಳೆಹಾಕಿದ್ದರೆ ಇನ್ನೂ ಜಾಸ್ತಿ. ಅಂಥ ಹುಡಿಯಲ್ಲಿ ಬೀಜ ಹಾಕಿದರೆ ಮೊಳಕೆ ಬಂದ ಎಲೆಯ ತುದಿ ಕಂದಾಗಿ ಸುಡುತ್ತದೆ. ಗೊಬ್ಬರ ಜಾಸ್ತಿ ಆಯಿತು ಅಂತ ಜನ ತಿಳಿಯುತ್ತಾರೆ. ಗೊಬ್ಬರ ಹಾಕಿಯೇ ಇರುವುದಿಲ್ಲ!

ನಾನು ಮಾಡುವುದು ಹೀಗೆ. ಕಟ್ಟಿಯನ್ನು ದೊಡ್ಡ ಡ್ರಮ್ಮಿನಲ್ಲಿ ನೆನೆಸಿ ಒಂದು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ನೀರು ಚಹಾದ ಬಣ್ಣಕ್ಕೆ ಬಂದಿರುತ್ತದೆ. ಅದನ್ನು ಸೊಳ್ಳೆಪರದೆಯ ಚೀಲದಲ್ಲಿ ಸೋಸಿ, ಹೊಸ ನೀರು ಹಾಕಿ ಮತ್ತೆ ಕದಡುತ್ತೇನೆ. ನೀರು ತಿಳಿಯಾಗುವವರೆಗೂ ಇದೇ ಕೆಲಸ. ಆದರೆ ಬಣ್ಣ ಹೋದರೆ ಉಪ್ಪು ಹೋಯಿತು ಅಂತ ಅಲ್ಲ. ಇಸಿ, ಅಂದರೆ ನೀರಿನಲ್ಲಿ ಕರಗಿದ ಉಪ್ಪು ಎಷ್ಟೆಂದು ತೋರಿಸುವ ಅಂಕೆ, ಅಳೆಯುವ ಒಂದು ಪೆನ್ನು ಇಟ್ಟುಕೊಂಡಿದ್ದೇನೆ. ಒಂದು ಪಾಲು ಹುಡಿಗೆ ಒಂದೂವರೆ ಪಾಲು ಬಾವಿ ನೀರು ಹಾಕಿ ಕದಡಿ, ಸ್ವಲ್ಪ ಹೊತ್ತು ಬಿಟ್ಟು, ಸೋಸಿದ ನೀರಿಗೆ ಪೆನ್ನು ಅದ್ದಿದರೆ ಅಂಕೆ ಬರುತ್ತದೆ. 0.5 ಮಿಲಿಸೀಮೆನ್ಸ್‌ನ ಒಳಗೆ ಬಂದರೆ ಸಸಿಗೆ ಧೈರ್ಯವಾಗಿ ಬಳಸುತ್ತೇನೆ. ಬಾವಿ ನೀರನ್ನೂ ಮೊದಲು ಒಮ್ಮೆ ಅಳೆಯಿರಿ. ಕಡಲ ಕರೆಯವರ ಬಾವಿಯಲ್ಲಿ ಬೇಸಗೆಗೆ ಉಪ್ಪು ಏರುತ್ತದೆ. ಅದರಲ್ಲಿ ಎಷ್ಟು ತೊಳೆದರೂ ಪ್ರಯೋಜನ ಇಲ್ಲ. ಅಂಥವರು ಮಳೆಗಾಲದಲ್ಲೇ ಹುಡಿಯನ್ನು ಅಂಗಳದಲ್ಲಿ ಚೀಲದಲ್ಲಿಟ್ಟು ಮಳೆನೀರಿಗೆ ತೊಳೆಯಲು ಬಿಟ್ಟರೆ ಸುಲಭ.

ಇನ್ನೊಂದು ಹಂತ ಇದೆ. ಬರೀ ನೀರು ತೊಳೆಯುವುದು ಬಿಡಿಯಾಗಿರುವ ಉಪ್ಪನ್ನು ಮಾತ್ರ. ಹುಡಿಯ ಕಣಕ್ಕೆ ಅಂಟಿಕೊಂಡ ಸೋಡಿಯಂ, ಪೊಟ್ಯಾಸಿಯಂ ಹಾಗೇ ಇರುತ್ತದೆ. ಆಮೇಲೆ ನಾವು ಗಿಡಕ್ಕೆ ಹಾಕಿದ ಕ್ಯಾಲ್ಸಿಯಂ ಅನ್ನು ಹುಡಿ ಹಿಡಿದುಕೊಂಡು, ಇವನ್ನು ಬಿಟ್ಟುಕೊಡುತ್ತದೆ. ಟೊಮೆಟೊ ಕಾಯಿಯ ಬುಡ ಕಪ್ಪಾಗುವುದಕ್ಕೆ ಇದೂ ಒಂದು ಕಾರಣ. ಅದಕ್ಕಾಗಿ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮತ್ತೆ ಒಮ್ಮೆ ತೊಳೆಯುತ್ತಾರೆ. ಮನೆಯ ನಾಲ್ಕು ಚಟ್ಟಿಗೆ ಇಷ್ಟೆಲ್ಲ ಬೇಡ. ಪಾಲಿಹೌಸ್‌ನಲ್ಲಿ ಸಲಾಡ್ ಸೌತೆ, ದೊಣ್ಣೆಮೆಣಸು ಮಾಡುವವರು ಬಿಡಬಾರದು.

ಹಸಿ ಹುಡಿಗೆ ಮತ್ತೊಂದು ಗುಣ ಉಂಟು. ಅದರಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಡಿಮೆ. ನೂರು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕದ ಲೆಕ್ಕ. ಕೊಳೆಯಲು ಶುರುವಾದಾಗ ಸೂಕ್ಷ್ಮಜೀವಿಗಳು ಗಿಡದ ಪಾಲಿನ ಸಾರಜನಕ ತಿನ್ನುತ್ತವೆ, ಗಿಡ ಹಳದಿಯಾಗುತ್ತದೆ. ಮರದ ಹುಡಿ, ಹಸಿ ಅಡಿಕೆ ಸಿಪ್ಪೆ ಹಾಕಿದರೂ ಇದೇ ಕತೆ. ಅಣಬೆಯ ಬೀಜ ಮತ್ತು ಸ್ವಲ್ಪ ಯೂರಿಯಾ ಹಾಕಿ ಪದರ ಪದರವಾಗಿ ಕೊಳೆಯಿಸಿದರೆ ಇಂಗಾಲದ ಲೆಕ್ಕ ಇಪ್ಪತ್ತೈದಕ್ಕೆ ಒಂದರ ಹತ್ತಿರ ಇಳಿಯುತ್ತದೆ, ಹುಡಿ ಕಪ್ಪಾಗುತ್ತದೆ. ಉದ್ದಕ್ಕೆ ಚಟ್ಟಿಯಲ್ಲೇ ಇರುವ ಗಿಡಕ್ಕೆ ಇಂಥ ಕಳಿತ ಹುಡಿಯೇ ಒಳ್ಳೆಯದು.

ರಾಶಿ ಹಾಕಿ ಕೊಳೆಯಿಸುವವರು ಒಂದು ಜಾಗ್ರತೆ ಮಾಡಬೇಕು. ಹಟ್ಟಿಗೊಬ್ಬರದ ಗುಂಡಿಯಲ್ಲೂ ಈ ಹುಡಿಯ ರಾಶಿಯಲ್ಲೂ ತೆಂಗಿನ ಕುರುವಾಯಿ ದುಂಬಿ ಮೊಟ್ಟೆ ಇಡುತ್ತದೆ. ಬಾಗಿ ಮಲಗಿದ ದಪ್ಪ ಬಿಳಿ ಹುಳ ಕಂಡರೆ ಹೆಕ್ಕಿ ಕೊಲ್ಲಿ. ಇಲ್ಲಿ ಬೆಳೆದ ಹುಳ ನಾಳೆ ರೆಕ್ಕೆ ಬಂದು ತೆಂಗಿನ ಸುಳಿ ಕೊರೆಯಲು ಹಾರುತ್ತದೆ. ಚಟ್ಟಿಯ ಆಸೆಗೆ ಮರ ಕಳೆದುಕೊಳ್ಳುವುದು ಬೇಡ. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ರಾಶಿಗೆ ಸೇರಿಸಿದರೆ ಹುಳಕ್ಕೆ ಅದೇ ರೋಗ ಬಂದು ಸಾಯುತ್ತದೆ.

ತೆಂಗಿನ ವಿಷಯ ಬಂದಾಗ ಇನ್ನೊಂದು ಮಾತು. ನಮ್ಮ ಕೂಡ್ಲಿನಲ್ಲಿರುವ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ತೆಂಗಿನ ಸೋಗೆಯನ್ನೇ ತಿಂದು ಗೊಬ್ಬರ ಮಾಡುವ ಎರೆಹುಳವನ್ನು ಅಲ್ಲಿಯವರು ಬೆಳೆಸಿದ್ದಾರೆ, ಯೂಡ್ರಿಲಸ್ ಜಾತಿಯದ್ದು. ಸೋಗೆಯ ತೂಕದ ಹತ್ತನೇ ಒಂದು ಪಾಲು ಸೆಗಣಿ ಸೇರಿಸಿದರೆ ಸಾಕು, ಮೂರು ತಿಂಗಳೊಳಗೆ ನುಣುಪಾದ ಎರೆಗೊಬ್ಬರ ಸಿಗುತ್ತದೆ. ಹಿತ್ತಲಿನಲ್ಲಿ ಸೋಗೆ ರಾಶಿ ಹಾಕಿ ಸುಡುವುದು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ. ಚಟ್ಟಿ ಗಿಡಕ್ಕೆ ಬೇಕಾದ ಊಟ ಅದರಲ್ಲೇ ಇದೆ.

ನಾರಿನ ಹುಡಿ ಒಂದನ್ನೇ ತುಂಬಿಸಿದರೆ ನಮ್ಮ ಮಳೆಗೆ ಒದ್ದೆ ಜಾಸ್ತಿ ಆಗುತ್ತದೆ. ಬಿಡಿಸಲು ಏನಾದರೂ ದೊರಗು ಬೇಕು. ಪೇಟೆಯ ಪರ್ಲೈಟ್ ಒಳ್ಳೆಯದೇ, ಹಗುರ, ಆದರೆ ದುಬಾರಿ. ನನಗೆ ಇಷ್ಟ ಉಮಿಕರಿ. ಅಕ್ಕಿ ಮಿಲ್ಲಿನಿಂದ ಉಮಿ ತಂದು, ಬೂದಿ ಆಗಲು ಬಿಡದೆ, ಕಪ್ಪಾದ ಕೂಡಲೇ ನೀರು ಚಿಮುಕಿಸಿ ಆರಿಸಬೇಕು. ಕಳೆಬೀಜ ಇಲ್ಲ, ರೋಗ ಇಲ್ಲ, ಬೇಗ ಕೊಳೆಯುವುದಿಲ್ಲ, ಗಾಳಿಯಾಡುತ್ತದೆ. ಸ್ವಲ್ಪ ಕ್ಷಾರ ಗುಣ ಇದೆ, ಹುಳಿ ಮಣ್ಣಿಗೆ ಅದೂ ಒಳ್ಳೆಯದೇ. ಐದನೇ ಒಂದು ಪಾಲಿಗಿಂತ ಜಾಸ್ತಿ ಹಾಕುವುದಿಲ್ಲ.

ಹೊಯ್ಗೆ, ಅಂದರೆ ಮರಳು, ಈಗ ಸಿಗುವುದು ಕಷ್ಟ. ಹೊಳೆಯಿಂದ ತೆಗೆಯಲು ಕಟ್ಟುಪಾಡು ಬಂದಿರುವುದು ಸರಿಯೇ. ಕಲ್ಲು ಪುಡಿ ಮಾಡಿ ತಯಾರಿಸುವ ಎಂ ಸ್ಯಾಂಡ್ ಬಳಸುವವರು ಹಾಗೇ ಸುರಿಯಬೇಡಿ. ಅದರಲ್ಲಿರುವ ಕಲ್ಲಿನ ಹುಡಿ ಎಲ್ಲ ಸಂದಿಗೂ ಸೇರಿ ಗಾಳಿ ತಡೆಯುತ್ತದೆ. ಜರಡಿ ಹಿಡಿದು, ಅಕ್ಕಿ ಕಾಳಿನ ಗಾತ್ರದ್ದನ್ನು ತೊಳೆದು ಬಳಸಿ. ಕಡಲ ಹೊಯ್ಗೆ ಬೇಡವೇ ಬೇಡ.

ಇನ್ನು ಸುಡುಮಣ್ಣು. ನಮ್ಮ ಅತ್ತೆ ಈಗಲೂ ಬೇಸಗೆ ಬಂದರೆ ಬಿಡುವುದಿಲ್ಲ. ಗುಡ್ಡೆಯಿಂದ ತರಗೆಲೆ ತರಿಸಿ ಒಂದು ಪದರ, ಅದರ ಮೇಲೆ ಒಣ ಕಡ್ಡಿ, ಮೇಲೆ ಮಣ್ಣಿನ ಹೆಂಟೆ, ಮತ್ತೆ ತರಗೆಲೆ. ಕೊನೆಗೆ ಎಲ್ಲವನ್ನೂ ಮಣ್ಣಿನಿಂದ ಮುಚ್ಚಿ, ಗಾಳಿ ಬೀಸುವ ಬದಿಯಿಂದ ಕಿಚ್ಚು ಕೊಡುತ್ತಾರೆ. ಉರಿ ಏಳಬಾರದು, ಹೊಗೆಯಾಡುತ್ತಾ ದಿನಗಟ್ಟಲೆ ಬೇಯಬೇಕು. ಹೊಗೆ ಒಂದು ಕಡೆ ಜಾಸ್ತಿ ಬಂದರೆ "ಅಲ್ಲಿಗೆ ಒಂದು ಬುಟ್ಟಿ ಮಣ್ಣು ಹಾಕು" ಎಂದು ಜಗಲಿಯಿಂದಲೇ ಹೇಳುತ್ತಾರೆ. ಆರಿದ ಮೇಲೆ ಹೆಂಟೆ ಒಡೆದರೆ ಕೆಂಪು ಕಪ್ಪು ಬೆರೆತ ಹುಡಿಹುಡಿ ಮಣ್ಣು. ಕೈಯಲ್ಲಿ ಹಿಡಿದು ಒದ್ದೆ ಮಾಡಿ ನೋಡಿ, ಅಂಟುವುದಿಲ್ಲ. ಜೇಡಿಯ ಕಣಗಳು ಬೆಂದು ಹರಳು ಕಟ್ಟಿರುತ್ತವೆ, ಮತ್ತೆ ನೀರಿಗೆ ಕರಗಿ ಕೆಸರಾಗುವುದಿಲ್ಲ. ಕಳೆಬೀಜ, ಬೇರಿನಲ್ಲಿ ಗಂಟು ಮಾಡುವ ಜಂತುಹುಳ ಎಲ್ಲ ಸತ್ತಿರುತ್ತದೆ. ಬೂದಿಯಿಂದ ಪೊಟ್ಯಾಷ್ ಬರುತ್ತದೆ. ಸಾರಜನಕ ಮಾತ್ರ ಸುಟ್ಟುಹೋಗುತ್ತದೆ, ಅದನ್ನು ಹಟ್ಟಿಗೊಬ್ಬರವೋ ಎರೆಗೊಬ್ಬರವೋ ಸೇರಿಸಿ ತುಂಬಬೇಕು. ಚಟ್ಟಿಗೆ ಮಣ್ಣು ಹಾಕಲೇಬೇಕು ಅನ್ನುವವರಿಗೆ ನಾನು ಹೇಳುವುದು ಸುಡುಮಣ್ಣು. ಸುಡಲು ಜಾಗ ಇಲ್ಲದವರು ಮಾರ್ಚ್, ಎಪ್ರಿಲ್‌ನಲ್ಲಿ ಮಣ್ಣನ್ನು ಒದ್ದೆ ಮಾಡಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದೆಸಿ ಅಂಚಿಗೆ ಮಣ್ಣು ಒತ್ತಿ, ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಕಪ್ಪು ಹಾಳೆ ಬೇಡ, ಬಿಸಿ ಒಳಗೆ ಇಳಿಯುವುದಿಲ್ಲ.

ಮಿಶ್ರಣ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಗಿಡ ಸಾಯುವವರೆಗೆ ಕಾಯಬೇಕಾಗಿಲ್ಲ. ಒಂದು ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅಡಿಯಲ್ಲಿ ನಾಲ್ಕಾರು ತೂತು ಮಾಡಿ, ಟೇಪ್ ಅಂಟಿಸಿ. ಒಂದು ಲೀಟರ್ ಮಿಶ್ರಣ ತುಂಬಿಸಿ, ಎರಡು ಸಲ ನೆಲಕ್ಕೆ ಮೆಲ್ಲ ಕುಟ್ಟಿ. ಮೇಲೆ ನೀರು ಮಿನುಗುವವರೆಗೆ ನಿಧಾನಕ್ಕೆ ನೀರು ಹಾಕಿ ಸ್ವಲ್ಪ ಹೊತ್ತು ಬಿಡಿ, ಇಳಿದರೆ ಇನ್ನಷ್ಟು ಹಾಕಿ. ಈಗ ಟೇಪ್ ಕಿತ್ತು, ಕೆಳಗೆ ಬೀಳುವ ನೀರನ್ನು ಪೂರಾ ಹಿಡಿದು ಅಳೆಯಿರಿ. 150 ಮಿಲಿಲೀಟರ್ ಬಂದರೆ, ನೂರಕ್ಕೆ 15 ಪಾಲು ಗಾಳಿ. ನೀರು ಬಿಟ್ಟುಹೋದ ಜಾಗಕ್ಕೆ ಗಾಳಿ ಬರುತ್ತದೆ ತಾನೇ? ಹೆಚ್ಚಿನ ಚಟ್ಟಿ ಗಿಡಗಳಿಗೆ 10ರಿಂದ 20 ಇರಬೇಕು. ಮಳೆಗೆ ನೆನೆಯುವ ಚಟ್ಟಿಗೆ ನಾನು 20ರ ಹತ್ತಿರ ಇಡುತ್ತೇನೆ. ಆರ್ಕಿಡ್, ಆಂಥೂರಿಯಂಗೆ ಅದಕ್ಕಿಂತಲೂ ಜಾಸ್ತಿ. ತೋಟದ ಮಣ್ಣು ಮಾತ್ರ ತುಂಬಿಸಿ ಈ ಪರೀಕ್ಷೆ ಒಮ್ಮೆ ಮಾಡಿ ನೋಡಿ, ನಾನು ಇಷ್ಟು ಹೇಳುವುದು ಯಾಕೆ ಅಂತ ಗೊತ್ತಾಗುತ್ತದೆ. ಬಾಟಲಿಯಲ್ಲಿ ಮಿಶ್ರಣದ ಎತ್ತರ ನಿಮ್ಮ ಚಟ್ಟಿಯಷ್ಟೇ ಇರಲಿ. ಸ್ಪಂಜಿನ ಲೆಕ್ಕ ಇಲ್ಲೂ ಬರುತ್ತದೆ.

ನನ್ನ ಅಳತೆಗಳನ್ನು ಹೇಳುತ್ತೇನೆ, ಕಣ್ಣು ಮುಚ್ಚಿ ನಕಲು ಮಾಡಬೇಡಿ. ತಾರಸಿಯ ಗ್ರೋ ಬ್ಯಾಗಿನ ತರಕಾರಿಗೆ ಎರಡು ಪಾಲು ತೊಳೆದ ನಾರಿನ ಹುಡಿ, ಒಂದು ಪಾಲು ಸುಡುಮಣ್ಣು, ಒಂದು ಪಾಲು ಎರೆಗೊಬ್ಬರ, ಅರ್ಧ ಪಾಲು ಉಮಿಕರಿ, ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ತಾರಸಿಯಲ್ಲಿ ಭಾರವೂ ಕಡಿಮೆ. ಕಾಳುಮೆಣಸಿನ ಬಳ್ಳಿಗೆ ಹಿಂದಿನಿಂದ ಬಂದ ಲೆಕ್ಕ ಎರಡು ಪಾಲು ಮಣ್ಣು, ಒಂದು ಹೊಯ್ಗೆ, ಒಂದು ಹಟ್ಟಿಗೊಬ್ಬರ, ಚಿಕ್ಕ ಪ್ಲಾಸ್ಟಿಕ್ ತೊಟ್ಟೆಗೆ ತುಂಬಿಸುವುದು. ಈಗ ನಾನು ಟ್ರೇಯಲ್ಲಿ ಮಾಡುವುದು ಜಾಸ್ತಿ. ಕಳಿತ ನಾರಿನ ಹುಡಿ ಮುಕ್ಕಾಲು, ಎರೆಗೊಬ್ಬರ ಕಾಲು, ಅದಕ್ಕೆ ರೋಗ ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ. ಕೋಯಿಕ್ಕೋಡಿನ ಸಾಂಬಾರ ಬೆಳೆ ಸಂಶೋಧನಾ ಸಂಸ್ಥೆಯವರು ಹೇಳುವ ಅಳತೆ ಇದು. ಬಳ್ಳಿಯ ದೊಡ್ಡ ಶತ್ರು ಬುಡ ಕೊಳೆಯಿಸುವ ಫೈಟಾಫ್ತೊರಾ ಎಂಬ ರೋಗಾಣು. ಅದು ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಬರುತ್ತದೆ. ನರ್ಸರಿಯಿಂದ ಒಂದು ತೊಟ್ಟೆ ಮಣ್ಣಿನ ಜೊತೆ ರೋಗವೂ ತೋಟಕ್ಕೆ ಹೋದರೆ, ಕೊಂಡುಹೋದವರ ತೋಟವೇ ಹಾಳು. ಅದನ್ನು ನೆನೆದರೆ ಮಣ್ಣಿಲ್ಲದ ಟ್ರೇಯೇ ನನಗೆ ಸಮಾಧಾನ.

ಆಂಥೂರಿಯಂಗೆ ಬೆರಳ ಗಾತ್ರದ ತೆಂಗಿನ ಸಿಪ್ಪೆ ತುಂಡು, ಹಳೆ ಮಂಗಳೂರು ಹಂಚಿನ ಚೂರು, ಇದ್ದಿಲು, ನಡುವೆ ಸ್ವಲ್ಪ ನಾರಿನ ಹುಡಿ. ಸಿಪ್ಪೆ ತುಂಡನ್ನೂ ನೆನೆಸಿ ತೊಳೆಯಬೇಕು. ಆರ್ಕಿಡ್‌ಗೆ ಹುಡಿಯೂ ಬೇಡ.

ಮಣ್ಣಿಲ್ಲದ ಮಿಶ್ರಣಕ್ಕೆ ಬಂದರೆ ಎರಡು ಅಭ್ಯಾಸ ಬದಲಿಸಬೇಕು. ನಾರಿನ ಹುಡಿಯ ಮೇಲ್ಭಾಗ ಬೇಗ ಒಣಗಿದ ಹಾಗೆ ಕಾಣುತ್ತದೆ, ಒಳಗೆ ನೀರು ಇರುತ್ತದೆ. ಮೇಲೆ ನೋಡಿ ನೀರು ಹಾಕಬೇಡಿ, ಚಟ್ಟಿ ಎತ್ತಿ ಭಾರ ನೋಡಿ. ಇನ್ನೊಂದು, ಅದರಲ್ಲಿ ಊಟ ಕಡಿಮೆ. ಕಡಲೆಹಿಂಡಿ ನೆನೆಸಿ ತೆಳು ಮಾಡಿದ ನೀರೋ, ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ಕರಗುವ 19:19:19 ಗೊಬ್ಬರ ಲೀಟರಿಗೆ ಎರಡು ಗ್ರಾಮಿನಂತೆಯೋ, ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾ ಇರಬೇಕು. ಮಳೆಮನೆಯ ಒಳಗೆ ಮಳೆ ಬೀಳುವುದಿಲ್ಲ, ಹಾಕಿದ ಗೊಬ್ಬರದ ಉಪ್ಪು ಅಲ್ಲೇ ಶೇಖರ ಆಗುತ್ತದೆ. ಚಟ್ಟಿಯ ಅಂಚಿನಲ್ಲಿ ಬಿಳಿ ಹಕ್ಕಳೆ ಕಂಡರೆ ಅದೇ. ಹಾಕಿದ ನೀರಿನ ಹತ್ತರಲ್ಲಿ ಒಂದೆರಡು ಪಾಲು ಕೆಳಗಿನಿಂದ ಹರಿದುಹೋಗುವಷ್ಟು ಕೊಡಿ, ಆಗಾಗ ಒಮ್ಮೆ ಬರೀ ನೀರಿನಲ್ಲಿ ತೊಳೆಯಿರಿ.

ಕುಂಬಳೆ ಕಡೆಯ ಒಬ್ಬರು ಟೀಚರ್ ಒಮ್ಮೆ ಬಾಡಿದ ಟೊಮೆಟೊ ಗಿಡ ಹಿಡಿದುಕೊಂಡು ಬಂದರು. "ನೀರು ಬೇಕಾದಷ್ಟು ಹಾಕಿದ್ದೇನೆ. ಬೆಳಿಗ್ಗೆ ಹಸಿರಾಗಿ ಇತ್ತು, ಮಧ್ಯಾಹ್ನಕ್ಕೆ ಹೀಗೆ." ಎಲೆ ಹಳದಿಯಾಗಿರಲಿಲ್ಲ. ಚಟ್ಟಿಯಲ್ಲಿ ಹಿತ್ತಲಿನ ಮಣ್ಣು. ನಾನು ಬುಡದ ಹತ್ತಿರದ ಕಾಂಡ ಒಂದು ತುಂಡು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿದೆ. "ಟೀಚರ್, ಈಗ ನೋಡಿ." ತುಂಡಾದ ತುದಿಯಿಂದ ತೆಳು ಬಿಳಿ ಎಳೆ, ಹಾಲಿನ ನೂಲಿನ ಹಾಗೆ, ಕೆಳಗೆ ಇಳಿಯಲು ಶುರುವಾಯಿತು. ಅದು ಬ್ಯಾಕ್ಟೀರಿಯಾದ ಬಾಡು ರೋಗ. ನಮ್ಮ ಹುಳಿ ಮಣ್ಣಿನಲ್ಲಿ ಬಹಳ. ಟೊಮೆಟೊ, ಬದನೆ, ಹಸಿಮೆಣಸು ಮೂರಕ್ಕೂ ಬರುತ್ತದೆ, ಔಷಧಿ ಹೊಡೆದರೆ ಹೋಗುವಂಥದ್ದಲ್ಲ. ಅವರಿಗೆ ನಾನು ಗೊಬ್ಬರ ಹೇಳಲಿಲ್ಲ. ಮಣ್ಣು ಬದಲಿಸಲು ಹೇಳಿದೆ, ಚೀಲಕ್ಕೆ ನಾರಿನ ಹುಡಿಯ ಮಿಶ್ರಣ, ಮೆಣಸಿಗೆ ಈ ರೋಗ ತಡೆಯುವ ಉಜ್ವಲ ತಳಿ, ಬದನೆ, ಟೊಮೆಟೊಗೆ ಸುಂಡೆ ಗಿಡದ ಮೇಲೆ ಕಸಿ ಕಟ್ಟಿದ ಸಸಿ. ಚೀಲವನ್ನು ನೆಲಕ್ಕೆ ತಾಗಿಸದೆ ಕಲ್ಲಿನ ಮೇಲೆ ಇಡಲೂ ಹೇಳಿದೆ. ಕೆಳಗಿನ ಮಣ್ಣಿಗೆ ಬೇರು ಇಳಿದರೆ ಮಾಡಿದ್ದೆಲ್ಲ ದಂಡ.

ಹಳೆ ಮಿಶ್ರಣ ಬಿಸಾಡಬೇಕಾಗಿಲ್ಲ. ರೋಗ ಇಲ್ಲದ ಗಿಡದ್ದಾದರೆ ಬೇರು ಆರಿಸಿ, ಬಿಸಿಲಿಗೆ ಹರಡಿ, ಕೂತುಹೋದದ್ದಕ್ಕೆ ಸಮವಾಗಿ ಹೊಸ ಹುಡಿ, ಉಮಿಕರಿ, ಎರೆಗೊಬ್ಬರ ಸೇರಿಸಿ ಮತ್ತೆ ತುಂಬಿಸಬಹುದು. ಬದನೆ ಬೆಳೆದ ಚೀಲಕ್ಕೆ ಮುಂದಿನ ಸಲ ಅಲಸಂಡೆಯೋ ಬೆಂಡೆಯೋ ಹಾಕಿ. ಬಾಡು ರೋಗ ಬಂದ ಚೀಲದ್ದನ್ನು ಇನ್ನೊಂದು ಚಟ್ಟಿಗೆ ಸುತಾರಾಂ ಬೇಡ. ತೆಂಗಿನ ಬುಡಕ್ಕೆ ಹಾಕಿ, ಶುಂಠಿ, ಬದನೆ ಮಾಡುವ ಜಾಗದಿಂದ ದೂರ, ಮಳೆನೀರು ಅತ್ತ ಹರಿಯದ ಕಡೆ.